ಉಳಿ ತಿರುಗಿಸೋದನ್ನು ಕಲಿತ ಕಥೆ

ನಾನು ಬೆಳೆದಿದ್ದು ಹಟ್ಟಿ ಚಿನ್ನದ ಗಣಿಯ ಕಾಲೊನಿಯಲ್ಲಿ. ಅಪ್ಪ ನೆಲದಡಿ ಜಾಕ್‌ಹ್ಯಾಮರ್ ಹಿಡಿದು ಬಂಡೆಗೆ ತೂತು ಕೊರೆಯುತ್ತಿದ್ದರು. ನಾನು ಮಾತ್ರ ಒಂದು ದಿನವೂ ಕೆಳಗೆ ಇಳಿದವಳಲ್ಲ. 1952ರ ಗಣಿ ಕಾಯ್ದೆ ಪ್ರಕಾರ ಹೆಂಗಸರು ನೆಲದಡಿ ಕೆಲಸ ಮಾಡುವ ಹಾಗಿರಲಿಲ್ಲ. ತಾಂತ್ರಿಕ ಮತ್ತು ಮೇಲ್ವಿಚಾರಣೆಯ ಕೆಲಸಗಳಿಗೆ ಬಾಗಿಲು ತೆರೆದಿದ್ದು 2019ರಲ್ಲಿ. ಹಾಗಾಗಿ ಅಪ್ಪನ ಮಷೀನನ್ನು ನಾನು ಮೊದಲ ಸಲ ಮುಟ್ಟಿದ್ದು ಅಮೆರಿಕದಲ್ಲಿ, ಅದೂ ಆಟಕ್ಕಾಗಿ!

ಮೈನಿಂಗ್ ಎಂ.ಎಸ್. ಮಾಡೋಕೆ ಅರಿಝೋನಾಕ್ಕೆ ಹೋಗಿದ್ದೆ. ಅಲ್ಲಿ ಗಣಿ ಓದುವ ಹುಡುಗ ಹುಡುಗಿಯರು ತಂಡ ಕಟ್ಟಿಕೊಂಡು ಹಳೇ ಕಾಲದ ಗಣಿ ಕೆಲಸಗಳಲ್ಲಿ ಪೈಪೋಟಿ ಮಾಡುತ್ತಾರೆ. 1972ರ ಮೇ 2ರಂದು ಐಡಾಹೊ ರಾಜ್ಯದ ಸನ್‌ಶೈನ್ ಬೆಳ್ಳಿ ಗಣಿಗೆ ಬೆಂಕಿ ಬಿತ್ತು. ಹೊಗೆ, ವಿಷದ ಗಾಳಿಗೆ 91 ಜನ ಸತ್ತರು. ಅವರ ನೆನಪಿಗೆ 1978ರಲ್ಲಿ ಶುರುವಾದ ಸ್ಪರ್ಧೆ ಇದು. ಒಟ್ಟು ಏಳು ಆಟ: ಸರ್ವೆ, ಚಿನ್ನ ಜಾಲಿಸೋದು, ಗರಗಸ, ಹಳಿ ಜೋಡಿಸೋದು, ಹಳಿ ಮೇಲಿನ ಅದಿರಿನ ಗಾಡಿಯನ್ನು ಸಲಿಕೆಯಿಂದ ತುಂಬಿಸಿ ತಳ್ಳೋದು, ಗಾಳಿಯ ಒತ್ತಡದಿಂದ ಓಡುವ ಡ್ರಿಲ್ (ಅಪ್ಪನ ಮಷೀನಿನಂಥದ್ದೇ), ಮತ್ತೆ ಕೈಯಿಂದ ಕಲ್ಲು ಕೊರೆಯೋದು.

ನನಗೆ ಸಿಕ್ಕಿದ್ದು ಕೊನೇದು. ಒಂದು ಕೈಯಲ್ಲಿ ಉಳಿ, ಇನ್ನೊಂದರಲ್ಲಿ ಸುತ್ತಿಗೆ. ಕೊಟ್ಟ ಹೊತ್ತಿನೊಳಗೆ ಕಾಂಕ್ರೀಟ್ ದಿಮ್ಮಿಯಲ್ಲಿ ಎಷ್ಟು ಆಳ ಕೊರೆಯುತ್ತೀರೋ ಅಷ್ಟೇ ಲೆಕ್ಕ. ಮೊದಲ ವಾರ ನಾನು ಸುಮ್ನೆ ಬಲ ಹಾಕಿ ಕುಟ್ಟಿದೆ. ಒಂದು ಏಟು ಜಾರಿ ಹೆಬ್ಬೆರಳಿನ ಗೆಣ್ಣಿಗೇ ಬಿತ್ತು. ಗ್ಲೌಸ್ ಇದ್ದರೂ ಉಗುರು ಕಪ್ಪಾಯಿತು. ಇಷ್ಟೆಲ್ಲ ಮಾಡಿದರೂ ತೂತು ಬೆರಳಿನ ಒಂದು ಗೆಣ್ಣಿನಷ್ಟೂ ಇಳಿದಿರಲಿಲ್ಲ.

ಸಂಜೆ ಫೋನಿನಲ್ಲಿ ಹೇಳಿಕೊಂಡೆ. ಅಪ್ಪ ನಕ್ಕರು.

'ಹೊಡ್ಯೋದು ಎಲ್ಲಾರಿಗೂ ಬರ್ತದವ್ವಾ. ಉಳಿ ತಿರಗಸ್ತೀಯೋ ಇಲ್ಲೋ?'

ತಿರುಗಿಸುತ್ತಲೇ ಇರಲಿಲ್ಲ. ಒಂದೇ ಗೆರೆಯ ಮೇಲೆ ಏಟು ಬಿದ್ದರೆ ಉಳಿಯ ಬಾಯಿ ಅಲ್ಲೇ ಕಚ್ಚಿಕೊಳ್ಳುತ್ತದೆ, ಕಲ್ಲು ಒಡೆಯೋದಿಲ್ಲ. ಪ್ರತಿ ಏಟಿಗೂ ಸ್ವಲ್ಪ ತಿರುಗಿಸಿದರೆ ಹೊಸ ಜಾಗ ಒಡೆಯುತ್ತದೆ, ತೂತು ದುಂಡಗಾಗುತ್ತದೆ. ಜಾಕ್‌ಹ್ಯಾಮರ್ ಒಳಗೂ ನಡೆಯೋದು ಇದೇ ಅಲ್ವಾ, ಹೊಡಿ, ತಿರುಗಿಸು. ಇನ್ನೊಂದು, ಪುಡಿ. ತೂತಿನ ತಳದಲ್ಲಿ ಪುಡಿ ಕೂತರೆ ಏಟೆಲ್ಲ ಅದರ ಮೇಲೇ ಬಿದ್ದು ಹಾಳು. ಗೆಳತಿಯೊಬ್ಬಳನ್ನು ಬಾಟಲಿ ಹಿಡಿದು ಪಕ್ಕದಲ್ಲೇ ಕೂರಿಸಿದೆ. ನೀರು ಬಿಟ್ಟಂತೆಲ್ಲ ಬೂದುಬಣ್ಣದ ಕೆಸರು ಉಕ್ಕಿ ಬರುತ್ತಿತ್ತು. ಕಣ್ಣು ಸುತ್ತಿಗೆ ಮೇಲಲ್ಲ, ಉಳಿಯ ತಲೆ ಮೇಲಿರಬೇಕು. ಸುತ್ತಿಗೆ ಎತ್ತುವಾಗ ಕೈ ಸಡಿಲ ಬಿಡಬೇಕು, ಅದರ ತೂಕವೇ ಕೆಲಸ ಮಾಡಲಿ. ಇದು ಅರ್ಥ ಆಗೋಕೆ ನನಗೆ ಎರಡು ತಿಂಗಳು ಬೇಕಾಯಿತು.

ಗರಗಸದ ಪಾಠವೂ ಹೆಚ್ಚು ಕಡಿಮೆ ಇದೇ. ಒತ್ತಬಾರದು, ಅಲಗಿನ ಪೂರಾ ಉದ್ದ ಎಳೆಯಬೇಕು. ಹಳಿ ಜೋಡಿಸುವಾಗ ಬೈದಾಡಿಕೊಂಡಿದ್ದೇ ಜಾಸ್ತಿ, ಅದನ್ನು ಬಿಡಿ.

ಚಿನ್ನ ಜಾಲಿಸೋದರಲ್ಲಿ ಮಾತ್ರ ನಾನು ಯಾರಿಂದಲೂ ಕಲಿಯಬೇಕಾಗಲಿಲ್ಲ. ಮಣ್ಣು ತುಂಬಿದ ಬಾಂಡ್ಲಿಯಂಥ ತಟ್ಟೆಯನ್ನು ನೀರಿನಲ್ಲಿ ಅಲುಗಿಸುತ್ತಾ ಹಗುರದ್ದನ್ನು ಹೊರಗೆ ಬಿಟ್ಟು ಭಾರದ್ದನ್ನು ಉಳಿಸಿಕೊಳ್ಳಬೇಕು. ಅವ್ವ ಅಕ್ಕಿಯಲ್ಲಿ ಕಲ್ಲು ತೆಗೆಯೋಕೆ ಮಾಡುತ್ತಿದ್ದದ್ದು ಇದನ್ನೇ. ಅಲ್ಲಿ ಕಲ್ಲು ಎಸೆಯುತ್ತೇವೆ, ಇಲ್ಲಿ ತಳದಲ್ಲಿ ಉಳಿದಿದ್ದೇ ಬೇಕು. ಗದಗದ ಕಪ್ಪತಗುಡ್ಡದ ಹಳ್ಳಗಳಲ್ಲಿ ಮಳೆಗಾಲದ ಮರಳು ಜಾಲಿಸಿ ಚಿನ್ನ ತೆಗೆಯುತ್ತಿದ್ದವರಿಗೆ ಜಾಲಗಾರರು ಅಂತಲೇ ಹೆಸರು. ನನ್ನ ಟೀಮಿನವರಿಗೆ ಇದನ್ನು ಹೇಳಿದ ಮೇಲೆ ನನಗೆ 'ಜಾಲಗಾರ' ಅಂತ ಅಡ್ಡಹೆಸರೇ ಬಿತ್ತು. ಉಚ್ಚಾರ ಮಾತ್ರ ಕೇಳಬೇಡಿ.

ಸ್ಪರ್ಧೆಗೆ ಎರಡು ವಾರ ಇದ್ದಾಗ ಡ್ರಿಲ್ ಹಿಡಿಯಬೇಕಿದ್ದ ಹುಡುಗಿಗೆ ಬೆನ್ನು ಹಿಡಿದುಕೊಂಡಿತು. ಮಷೀನ್ ಐವತ್ತು ಕಿಲೋ ಆಸುಪಾಸು. ಕೆಳಗೆ ಗಾಳಿ ತುಂಬಿದರೆ ಉದ್ದವಾಗುವ ಒಂಟಿ ಕಾಲು ಅದನ್ನು ಹೊರುತ್ತದೆ, ಮುಂದಕ್ಕೂ ತಳ್ಳುತ್ತದೆ. ನಾನು ಹಿಡಿದೆ. ಕಾಲಿಗೆ ಗಾಳಿ ಜಾಸ್ತಿ ಬಿಟ್ಟೆ. ರಾಡ್ ಕಲ್ಲಿನೊಳಗೆ ಸಿಕ್ಕಿಹಾಕಿಕೊಂಡು ತಿರುಗೋದೇ ನಿಂತಿತು. ಕಡಿಮೆ ಮಾಡಿದರೆ ಮಷೀನ್ ಕುಣಿಯಿತು. ಎರಡರ ನಡುವೆ ಸದ್ದು ಒಂದೇ ಹದಕ್ಕೆ ಬರುವ ಒಂದು ಜಾಗ ಇದೆ. ಅದನ್ನು ಕಿವಿಯಿಂದಲೇ ಹಿಡಿಯಬೇಕು, ಕಿವಿಗೆ ಪ್ಲಗ್ ಹಾಕಿಕೊಂಡೇ.

ಗೆದ್ದೆವಾ? ಇಲ್ಲ, ಪಟ್ಟಿಯಲ್ಲಿ ನಡುವೆ ಎಲ್ಲೋ ಇದ್ದೆವು. ಕೈ ಕೊರೆತದ ದಿನ ನನ್ನ ತೂತಿಗೆ ಅಳತೆಗೋಲು ಇಳಿಸಿದಾಗ ಮೊದಲ ವಾರದ ನಾಲ್ಕರಷ್ಟು ಆಳ ಇತ್ತು. ಡ್ರಿಲ್ ಹಿಡಿದ ವಿಡಿಯೋ ಅಪ್ಪನಿಗೆ ಕಳಿಸಿದೆ. ಮೂರು ಸಲ ನೋಡಿದರಂತೆ, ಅವ್ವ ಹೇಳಿದಳು. ನನಗೆ ಬಂದ ಮೆಸೇಜು ಒಂದೇ ಸಾಲು: 'ಮಷೀನ್ ಹಿಂದ ನಿಂದ್ರಬ್ಯಾಡ, ಬಾಜೂಕ ನಿಂದ್ರು.'