22ನೇ ಅಡಿಯಲ್ಲಿ ನಿಲ್ಲುತ್ತಿದ್ದ ಕಡ್ಡಿ

ಮೊದಲು ಸುಳಿವು ಕೊಟ್ಟಿದ್ದು ಸದ್ದು. ಮಹಡಿಯಲ್ಲಿ ಯಾರಾದರೂ ಫ್ಲಶ್ ಮಾಡಿದರೆ ಕೆಳಗಿನ ಬಚ್ಚಲಿನ ಜಾಲರಿಯಲ್ಲಿ ಗುಳುಗುಳು ಅನ್ನುತ್ತಿತ್ತು. "ಬಚ್ಚಲು ಮಾತಾಡ್ತಿದೆ ನೋಡೋ" ಅಂತ ಅಮ್ಮ ಹೇಳಿದಾಗ ನಕ್ಕು ಸುಮ್ಮನಾಗಿದ್ದೆ. ಎರಡು ವಾರ ಕಳೆಯುವಷ್ಟರಲ್ಲಿ ಅದೇ ಜಾಲರಿಯಿಂದ ಕಪ್ಪು ನೀರು ಉಕ್ಕಿ ಬಂತು. ಮುಂದಿನದ್ದನ್ನು ವರ್ಣಿಸುವುದು ಬೇಡ.

ಮನೆ ಹಳೆಯದು. ಹೊರಗಿನ ಕೊಳಚೆ ಲೈನ್ 6 ಇಂಚಿನ ಮಣ್ಣಿನ ಪೈಪ್. ಎರಡೆರಡು ಅಡಿಯ ತುಂಡುಗಳನ್ನು ಸಿಮೆಂಟ್ ಮೆತ್ತಿ ಕೂಡಿಸಿದ್ದು. ಮನೆಯ ಚೇಂಬರಿನಿಂದ (ಲೈನ್ ತೆರೆದು ನೋಡಲು ಕಟ್ಟಿದ, ಮುಚ್ಚಳವಿರುವ ಗುಂಡಿ) ಗೇಟಿನ ಚೇಂಬರಿಗೆ 40 ಅಡಿ. ಅಂದರೆ ಹತ್ತಿರಹತ್ತಿರ 20 ಜಾಯಿಂಟ್. ಪೈಪ್ ಗಟ್ಟಿಯೇ, ಸೋಲುವುದು ಜಾಯಿಂಟ್.

ಪ್ಲಂಬರ್ ಬಂದ, ಸ್ಪ್ರಿಂಗ್ ಹಾಕಿ ಚುಚ್ಚಿದ, ನೀರು ಗಳಗಳ ಇಳಿಯಿತು. "ಕೂದಲು, ಸೋಪಿನ ಜಿಡ್ಡು ಕಟ್ಟಿಕೊಂಡಿತ್ತು ಸಾರ್" ಅಂದ. ನಂಬಿದೆ. ನಾಲ್ಕು ತಿಂಗಳಿಗೆ ಮತ್ತೆ ಕಟ್ಟಿತು. ಆಮೇಲೆ ಎರಡೂವರೆ ತಿಂಗಳಿಗೆ, ಆಮೇಲೆ ಆರೇ ವಾರಕ್ಕೆ. ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಾ ಬಂದಿದ್ದರಿಂದ ಇದು ಕಣ್ಣಿಗೆ ಬಿತ್ತು. ಮನೆಯಲ್ಲಿ ಜನ ಹೆಚ್ಚಾಗಿರಲಿಲ್ಲ, ಸೋಪೂ ಜಾಸ್ತಿ ಬಳಸುತ್ತಿರಲಿಲ್ಲ. ಆದರೂ ಅಂತರ ಕಮ್ಮಿ ಆಗುತ್ತಿದೆ ಅಂದರೆ ಒಳಗೆ ಏನೋ ಬೆಳೆಯುತ್ತಿದೆ ಅಂತಲೇ ಅಲ್ವಾ?

ನಡುವೆ ಒಂದು ಸಲ ಕಾಸ್ಟಿಕ್ ಸೋಡಾ ಸುರಿದಿದ್ದೆ. ಅದು ಸಿಂಕ್ ಪೈಪಿನ ಜಿಡ್ಡಿಗೆ ಸ್ವಲ್ಪ ಕೆಲಸ ಮಾಡೀತು, ಅಷ್ಟೇ. ಮುಖ್ಯ ಲೈನಿನಲ್ಲಿ ಕಟ್ಟಿ ನಿಂತ ನೀರಿಗೆ ಸೇರಿ ಸುಮ್ನೆ ಕೂತಿತ್ತು. ಆಮೇಲೆ ಚೇಂಬರಿಗೆ ಕೈ ಹಾಕಿದ ಪ್ಲಂಬರಿಗೆ ಚರ್ಮ ಉರಿಯಿತು. ಹಾಕಿದ್ದೇನೆಂದು ನಾನು ಮೊದಲೇ ಹೇಳಬೇಕಿತ್ತು. ಅದರ ಜೊತೆಗೆ ಆ್ಯಸಿಡ್, ಬ್ಲೀಚಿಂಗ್ ಪೌಡರ್ ಅಂತ ಒಂದರ ಮೇಲೊಂದು ಸುರಿಯುವವರೂ ಇದ್ದಾರೆ. ಬ್ಲೀಚಿಂಗಿಗೆ ಆ್ಯಸಿಡ್ ಸೇರಿದರೆ ಏಳುವುದು ಕ್ಲೋರಿನ್ ವಿಷಗಾಳಿ.

ಐದನೇ ಸಲ ಕಟ್ಟಿದಾಗ ಪ್ಲಂಬರನ್ನು ಕರೆಯುವ ಮೊದಲು ಎರಡೂ ಚೇಂಬರಿನ ಮುಚ್ಚಳ ತೆಗೆಸಿದೆ. ಮನೆ ಹತ್ತಿರದ್ದು ಬಾಯಿವರೆಗೆ ತುಂಬಿತ್ತು, ಗೇಟಿನದ್ದು ಒಣಗಿತ್ತು. ತೊಂದರೆ ಇವೆರಡರ ನಡುವೆಯೇ. ಎರಡೂ ತುಂಬಿದ್ದರೆ ನಾನು ನನ್ನ ಅಂಗಳ ಅಗೆಯುತ್ತಿರಲಿಲ್ಲ, ರಸ್ತೆ ಲೈನಿನವರಿಗೆ ದೂರು ಕೊಡುತ್ತಿದ್ದೆ. ಸಿಂಕ್ ಒಂದೇ ಕಟ್ಟಿದ್ದರೆ ಅದು ಆ ಕವಲಿನ ಕಥೆ. ಒಂದು ಕಡೆ ಫ್ಲಶ್ ಮಾಡಿದ್ದು ಇನ್ನೊಂದು ಕಡೆ, ಅದೂ ಮನೆಯ ಅತಿ ತಗ್ಗಿನ ಬಾಯಲ್ಲಿ ಉಕ್ಕಿದರೆ ಅದು ಮುಖ್ಯ ಲೈನಿನದ್ದು.

ಮುಚ್ಚಳ ತೆಗೆದವರು ತಲೆ ಬಗ್ಗಿಸಿ ಇಣುಕಬೇಡಿ, ಒಳಗೆ ಇಳಿಯುವ ಮಾತಂತೂ ಬೇಡವೇ ಬೇಡ. ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಜಾಸ್ತಿಯಾದರೆ ಮೂಗೇ ಮರಗಟ್ಟುತ್ತದೆ. ವಾಸನೆ ಬರುತ್ತಿಲ್ಲ, ಪರವಾಗಿಲ್ಲ ಅಂದುಕೊಂಡವರೇ ಒಳಗೆ ಬೀಳುತ್ತಾರೆ.

ಆ ದಿನ ಪ್ಲಂಬರ್ ಉದ್ದದ ಕಡ್ಡಿ ತಂದಿದ್ದ. ಅದು ತಡೆದು ನಿಂತ ಜಾಗಕ್ಕೆ ಸರಿಯಾಗಿ, ಚೇಂಬರಿನ ಅಂಚಿನಲ್ಲಿ ಕೆಂಪು ಟೇಪ್ ಸುತ್ತಿಸಿದೆ. ಹೊರಗೆ ಎಳೆದು ಅಳೆದರೆ 22 ಅಡಿ. ಮುಂದಿನ ಸಲ ಕಟ್ಟಿದಾಗಲೂ ಟೇಪ್ ಅಂಚಿಗೇ ಬಂದು ನಿಂತಿತು. ಕೂದಲು, ಸೋಪು ಆಗಿದ್ದರೆ ಒಮ್ಮೆ ಇಲ್ಲಿ, ಒಮ್ಮೆ ಅಲ್ಲಿ ಕಟ್ಟಬೇಕಿತ್ತು. ಅಳತೆ ಟೇಪನ್ನು ಅಂಗಳದ ಮೇಲೆ ಹಾಸಿದೆ. 22 ಅಡಿ ಬಂದ ಜಾಗದಿಂದ ಎಂಟು ಹೆಜ್ಜೆ ಆಚೆ ಮರ.

ಜೆಟ್ಟಿಂಗ್, ಅಂದರೆ ಜೋರು ಒತ್ತಡದಲ್ಲಿ ನೀರು ಹೊಡೆಸಿ ಲೈನ್ ತೊಳೆದು ಆಮೇಲೆ ಕ್ಯಾಮೆರಾ ಬಿಡಿಸಿದೆ. ತೊಳೆಯದೆ ಬಿಟ್ಟರೆ ಪರದೆಯ ಮೇಲೆ ಕಾಣುವುದು ಕೆಸರು ಮಾತ್ರ. 22 ಅಡಿಯ ಹತ್ತಿರ ಬೇರು ನೇತಾಡುತ್ತಿತ್ತು, ಗಡ್ಡದ ಹಾಗೆ. ಸ್ಪ್ರಿಂಗ್ ಇಷ್ಟು ದಿನ ಮಾಡಿದ್ದು ಆ ಗಡ್ಡಕ್ಕೊಂದು ತೂತು ಕೊರೆಯುವ ಕೆಲಸ. ಅದರಾಚೆ ಪೈಪ್ ಇದ್ದಕ್ಕಿದ್ದಂತೆ ಸಣ್ಣದಾಗಿತ್ತು, ಒಳಗೆ ನೀರು ನಿಂತಿತ್ತು. ಬೇರು ನಾನು ಊಹಿಸಿದ್ದೇ. ಪೈಪ್ ಸಣ್ಣಗಾಗಿದ್ದು ಮಾತ್ರ ಹೊಸದು.

ಮೂರು ಅಡಿ ಅಗೆದಾಗ ಗೊತ್ತಾಯಿತು. ಯಾವಾಗಲೋ ಅಲ್ಲಿ ಮಣ್ಣಿನ ಪೈಪ್ ಒಡೆದಿದೆ. ಯಾರೋ ಒಡೆದ ಭಾಗ ತೆಗೆದು, ಕೈಗೆ ಸಿಕ್ಕ 4 ಇಂಚಿನ ಪಿವಿಸಿ ತುಂಡನ್ನು ಎರಡೂ ಕಡೆ 6 ಇಂಚಿನ ಪೈಪಿನೊಳಗೆ ತೂರಿಸಿ, ಸಂದಿಗೆ ಗೋಣಿ ಬಟ್ಟೆ ತುರುಕಿ, ಮೇಲೆ ಸಿಮೆಂಟ್ ಮೆತ್ತಿದ್ದಾರೆ. ನೀರು ಹೊರಹೋಗುವ ತುದಿಯಲ್ಲಿ ಇದರಿಂದ ತೊಂದರೆ ಕಮ್ಮಿ. ಬರುವ ತುದಿಯಲ್ಲಿ ಮಾತ್ರ 4 ಇಂಚಿನ ಬಾಯಿ ಹೊಸ್ತಿಲಿನ ಹಾಗೆ ಅಡ್ಡ ನಿಲ್ಲುತ್ತದೆ. ಬಂದದ್ದೆಲ್ಲ ಅಲ್ಲಿ ತಡೆದು ಕೂರುತ್ತದೆ. ಕೆಳಗಿನ ಮಣ್ಣನ್ನು ಗುದ್ದಿರಲಿಲ್ಲವಾದ್ದರಿಂದ ತುಂಡು ನಡುವೆ ಕುಸಿದು, ಸಿಮೆಂಟ್ ಬಿರುಕು ಬಿಟ್ಟು, ಬೇರಿಗೆ ಬಾಗಿಲು ತೆರೆದಿತ್ತು. ಇಷ್ಟು ದಿನ ಮರವನ್ನು ಬೈದಿದ್ದಕ್ಕೆ ನಾಚಿಕೆಯಾಯಿತು. ತೇವ ಇರುವಲ್ಲಿಗೆ ಬೇರು ಹೋಗುತ್ತದೆ, ಅದರ ತಪ್ಪೇನು.

ಒಟ್ಟು 10 ಅಡಿ ತೆಗೆಸಿದೆ. ಟ್ಯೂಬ್ ಲೆವೆಲ್ (ಮಟ್ಟ ನೋಡುವ ನೀರು ತುಂಬಿದ ಕೊಳವೆ) ಹಿಡಿದು ಉಳಿದ ಎರಡು ತುದಿ ನೋಡಿದರೆ 2 ಇಂಚಿನ ಇಳಿತ ಇತ್ತು. 6 ಇಂಚಿನ ಲೈನಿಗೆ 60 ಅಡಿಗೆ 1 ಅಡಿ, ಅಂದರೆ 5 ಅಡಿಗೆ 1 ಇಂಚು ವಾಟ (ಇಳಿಜಾರು) ಬೇಕು ಅನ್ನುವ ಹಳೆಯ ಲೆಕ್ಕಕ್ಕೆ ಸರಿಯಾಗಿ. ಮೊದಲು ಲೈನ್ ಹಾಕಿದವರ ಕೈ ಚೆನ್ನಾಗಿತ್ತು. ಕೆಡಿಸಿದ್ದು ರಿಪೇರಿ.

ತಳ ಗುದ್ದಿ, ಮರಳು ಹಾಸಿ, 6 ಇಂಚಿನದ್ದೇ ಪಿವಿಸಿ ಕೂರಿಸಿದೆವು. ಜಾಯಿಂಟಿಗೆ ಸಿಮೆಂಟ್ ಬೇಡ ಅಂತ ಹಟ ಹಿಡಿದೆ. ಮಣ್ಣಿನ ಪೈಪಿನ ಗೋಡೆ ದಪ್ಪ, ಹಾಗಾಗಿ ಹೊರಸುತ್ತು ಪಿವಿಸಿಗಿಂತ ಹೆಚ್ಚು. ಅದಕ್ಕೇ ಒಂದು ಬಾಯಿ ದೊಡ್ಡದು, ಇನ್ನೊಂದು ಸಣ್ಣದು ಇರುವ ರಬ್ಬರ್ ಕಪ್ಲಿಂಗ್ (ಎರಡು ಪೈಪ್ ಕೂಡಿಸುವ ತೋಳು), ಮೇಲೆ ಸ್ಟೀಲ್ ಕ್ಲಾಂಪ್. ಅದು ಹುಡುಕಲು ಹಿಡಿದ ಎರಡು ದಿನ ಗುಂಡಿ ತೆರೆದೇ ಇತ್ತು. ಮನೆಯವರು ನನ್ನ ಜೊತೆ ಮಾತು ಕಮ್ಮಿ ಮಾಡಿದ್ದರು.

ಮಣ್ಣು ಮುಚ್ಚುವ ಮೊದಲು ಗೇಟಿನ ಚೇಂಬರಿನಿಂದ ಟಾರ್ಚ್ ಬಿಟ್ಟು, ಈ ಕಡೆ ಕೋಲಿಗೆ ಕಟ್ಟಿದ ಕನ್ನಡಿ ಇಳಿಸಿ ನೋಡಿದೆವು. ಪೈಪ್ ನೇರವಿದ್ದರೆ ಬೆಳಕು ಪೂರ್ತಿ ದುಂಡಗೆ ಕಾಣಬೇಕು. ನಡುವೆ ಕುಸಿದು ನೀರು ನಿಂತಿದ್ದರೆ ಚಂದ್ರ ಅರ್ಧವಾಗುತ್ತಾನೆ. ನಮಗೆ ಹುಣ್ಣಿಮೆ ಕಾಣಿಸಿತು, ಕೆಳಗೆ ಒಂದಿಷ್ಟು ಮಸುಕಾಗಿ.

ಇದಾಗಿ ಹದಿನಾಲ್ಕು ತಿಂಗಳು. ಒಮ್ಮೆಯೂ ಕಟ್ಟಿಲ್ಲ. ಆದರೂ ಮೂರು ತಿಂಗಳಿಗೊಮ್ಮೆ ಕೆಂಪು ಟೇಪಿನ ಕಡ್ಡಿ ಹಾಕಿಸುತ್ತೇನೆ. 22 ದಾಟಿ ಹೋಗುತ್ತದೆ. ಕಳೆದ ಸಲ 36ರ ಹತ್ತಿರ ಸ್ವಲ್ಪ ಉಜ್ಜಿದಂತಾಯಿತು. ತೆಗೆದಾಗ ತುದಿಗೆ ಎರಡು ಎಳೆ ಬೇರು ಸಿಕ್ಕಿಕೊಂಡಿದ್ದವು. ಅಲ್ಲಿ ಇನ್ನೂ ಹಳೆಯ ಜಾಯಿಂಟೇ. ಕಡ್ಡಿಗೆ ಎರಡನೇ ಟೇಪ್ ಸುತ್ತಿದ್ದೇನೆ, ಇದು ಹಳದಿ.