ವೈದ್ಯರ ಮುಂದೆ ಕೂರುವ ಮೊದಲು ನಾನು ಮಾಡಿಕೊಂಡ ಸಿದ್ಧತೆ

ಮೇದೋಜ್ಜೀರಕ ಗ್ರಂಥಿಯ ಕ್ಯಾನ್ಸರ್ ಯಕೃತ್ತಿಗೂ ಹರಡಿದೆ, ಶಸ್ತ್ರಚಿಕಿತ್ಸೆಯಿಂದ ತೆಗೆಯುವ ಹಂತ ದಾಟಿದೆ ಎಂದು ಮೈಸೂರಿನ ವೈದ್ಯರು ತಿಳಿಸಿದ ಮೇಲೆ, ಮುಂದಿನ ಭೇಟಿಗೆ ಕೆಲವು ದಿನಗಳ ಬಿಡುವಿತ್ತು. ಮಂಡ್ಯದ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದ ನನಗೆ, ಆ ಬಿಡುವಿನಲ್ಲಿ ಕೇಳಬೇಕಾದುದನ್ನು ಗೊತ್ತುಮಾಡಿಕೊಳ್ಳುವುದೇ ಸರಿಯೆನಿಸಿತು.

ಮೊದಲ ಮಾತುಕತೆ ಮನೆಯಲ್ಲೇ ಆಗಬೇಕಿತ್ತು. ಇಂಥ ಸುದ್ದಿಯನ್ನು ರೋಗಿಯಿಂದ ಮುಚ್ಚಿಡುವುದೇ ಪ್ರೀತಿಯೆಂಬ ನಂಬಿಕೆ ನಮ್ಮ ಕಡೆ ಬಲವಾಗಿದೆ. "ನಿಮಗ್ಯಾಕಪ್ಪಾ ಅದೆಲ್ಲ, ನಾವು ನೋಡ್ಕೋತೀವಿ" ಎಂದು ಮಗ ಹೇಳಿದಾಗ, ಅವನನ್ನೂ ಪತ್ನಿಯನ್ನೂ ಎದುರಿಗೆ ಕೂರಿಸಿಕೊಂಡು, ಎಲ್ಲ ಮಾತೂ ನನ್ನೆದುರಿಗೇ ನಡೆಯಬೇಕು, ನಾನು ಕೇಳುತ್ತೇನೆ, ನೀನು ಬರೆದುಕೊ ಎಂದೆ. ಏನನ್ನೂ ತಿಳಿಯಲು ಬಯಸದ ರೋಗಿಗಳೂ ಇರುತ್ತಾರೆ. ಅದು ಅವರ ಹಕ್ಕು. ಆದರೆ ಎಷ್ಟು ತಿಳಿಯಬೇಕೆಂದು ತೀರ್ಮಾನಿಸುವವರು ರೋಗಿಯೇ ಆಗಿರಬೇಕೆಂಬುದರಲ್ಲಿ ನನಗೆ ಸಂದೇಹವಿಲ್ಲ.

ಬಳಿಕ ನನಗೆ ಏನು ಮುಖ್ಯ ಎಂದು ಬರೆದೆ: ನೋವು ಹತೋಟಿಯಲ್ಲಿರಬೇಕು, ಮನಸ್ಸು ತಿಳಿಯಾಗಿರಬೇಕು, ಸಾಧ್ಯವಾದಷ್ಟು ಕಾಲ ಮನೆಯಲ್ಲಿರಬೇಕು. ಪ್ರಶ್ನೆಗಳೆಲ್ಲ ಇದರಿಂದಲೇ ಹುಟ್ಟಿದವು. ಹೊರರೋಗಿ ವಿಭಾಗದಲ್ಲಿ ಸಿಗುವ ಸಮಯ ಕಡಿಮೆಯಾದ್ದರಿಂದ, ಬಿಡಲೇಬಾರದ ಪ್ರಶ್ನೆಗಳನ್ನು ಹಾಳೆಯ ಮೇಲ್ಭಾಗದಲ್ಲಿಟ್ಟೆ. ಬಯಾಪ್ಸಿ ಮತ್ತು ಸ್ಕ್ಯಾನ್ ವರದಿಗಳು ಫೈಲಿನಲ್ಲಿ ದಿನಾಂಕದ ಕ್ರಮದಲ್ಲಿದ್ದವು. ಸೇವಿಸುತ್ತಿದ್ದ ಮಾತ್ರೆಗಳ ಪಟ್ಟಿಯಲ್ಲಿ ನೆಂಟರು ತಂದುಕೊಟ್ಟ ಕಷಾಯವನ್ನೂ ಸೇರಿಸಿದೆ, ಏಕೆಂದರೆ ಯಕೃತ್ತು ಮೊದಲೇ ದಣಿದಿರುವಾಗ ಅಂಥದನ್ನು ವೈದ್ಯರಿಂದ ಮರೆಮಾಚುವುದು ಅಪಾಯಕರ.

"ಕಿಮೋ ಕೊಟ್ಟರೆ ಅದರ ಗುರಿ ಏನು? ಕಾಯಿಲೆ ವಾಸಿಯಾಗುವುದೇ, ಆಯಸ್ಸು ಸ್ವಲ್ಪ ಹೆಚ್ಚುವುದೇ, ತೊಂದರೆ ತಗ್ಗುವುದೇ? ತೆಗೆದುಕೊಳ್ಳದಿದ್ದರೆ ಏನಾಗುತ್ತದೆ?" ಎಂಬುದು ನನ್ನ ಮೊದಲ ಪ್ರಶ್ನೆ. ವಾಸಿಯಾಗುವುದಿಲ್ಲ, ಕೆಲವು ತಿಂಗಳು ಹೆಚ್ಚಬಹುದು, ಆಯಾಸವೂ ಆಗುತ್ತದೆ ಎಂದು ವೈದ್ಯರು ನೇರವಾಗಿ ಹೇಳಿದರು. ಕಿಮೋ ನಡೆಯುವಾಗ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಬರಬೇಕೆಂಬುದನ್ನೂ ಆಗಲೇ ತಿಳಿದೆವು. ಉಳಿದಿರುವ ಕಾಲದ ಬಗ್ಗೆ ನಾನು ಒಂದು ಸಂಖ್ಯೆಯನ್ನು ಕೇಳಲಿಲ್ಲ. ವಾರಗಳೋ, ತಿಂಗಳುಗಳೋ, ವರ್ಷಗಳೋ ಎಂದು ಕೇಳಿದೆ. ವೈದ್ಯರು ಹೇಳುವ ಮಧ್ಯಾಂಕ ಅವಧಿಯನ್ನು ಅರ್ಧದಷ್ಟು ರೋಗಿಗಳು ದಾಟಿ ಬದುಕುತ್ತಾರೆ, ಇನ್ನರ್ಧ ಅಲ್ಲಿಯವರೆಗೆ ಬದುಕುವುದಿಲ್ಲ. ಅದು ಯಾರೊಬ್ಬರ ಗಡುವೂ ಅಲ್ಲ.

ಹೆಚ್ಚು ಹೊತ್ತು ಮಾತನಾಡಿದ್ದು ನೋವಿನ ಬಗ್ಗೆ. ಹೊಟ್ಟೆಯಿಂದ ಬೆನ್ನಿಗೆ ಸುತ್ತುವ ನೋವು ಯಾವ ಹೊತ್ತಿಗೆ ಬರುತ್ತದೆ, ಸೊನ್ನೆಯಿಂದ ಹತ್ತರ ಅಳತೆಯಲ್ಲಿ ಎಷ್ಟಿರುತ್ತದೆ, ಮಾತ್ರೆಯಿಂದ ಎಷ್ಟು ಇಳಿಯುತ್ತದೆ ಎಂದು ಬರೆದಿಟ್ಟಿದ್ದ ಪುಟವನ್ನು ಅವರ ಮುಂದಿಟ್ಟಾಗ, ತೀವ್ರ ನೋವಿಗೆ ಕೊಡುವ, ಅಫೀಮಿನಿಂದ ತಯಾರಾಗುವ ಮಾರ್ಫಿನ್ ಮಾತ್ರೆಯ ವಿಷಯ ತಾನಾಗಿಯೇ ಬಂದಿತು. ಚಟ ಹತ್ತೀತೆಂದು ಪತ್ನಿ ಅಂಜಿದಳು. ನೋವಿಗಾಗಿ ವೈದ್ಯರು ಹೇಳಿದ ಪ್ರಮಾಣದಲ್ಲಿ ತೆಗೆದುಕೊಂಡರೆ ಆ ಭಯ ಬೇಡ, ಆದರೆ ಮಲಬದ್ಧತೆ ಆಗಿಯೇ ಆಗುವುದರಿಂದ ಅದರ ಔಷಧಿಯನ್ನು ಮೊದಲ ದಿನದಿಂದಲೇ ಶುರುಮಾಡಬೇಕು ಎಂದರು. ಇಂಥ ಔಷಧಿ ರೋಗಿಗಳಿಗೆ ಸುಲಭವಾಗಿ ಸಿಗಲೆಂದು ಮಾದಕವಸ್ತು ಕಾಯ್ದೆಗೆ 2014ರಲ್ಲಿ ತಿದ್ದುಪಡಿಯಾದ ಬಳಿಕವೂ ಮಾರ್ಫಿನ್ ಎಲ್ಲ ಅಂಗಡಿಗಳಲ್ಲಿ ಸಿಗುವುದಿಲ್ಲವಾದ್ದರಿಂದ, ಎಲ್ಲಿ ಸಿಗುತ್ತದೆ, ಮುಗಿಯುವ ಎಷ್ಟು ಮೊದಲು ಬರಬೇಕು ಎಂದೂ ಕೇಳಿಕೊಂಡೆ.

ಉಪಶಾಮಕ ಆರೈಕೆಯ, ಅಂದರೆ ನೋವು ಮತ್ತಿತರ ತೊಂದರೆಗಳನ್ನು ತಗ್ಗಿಸುವ ಆರೈಕೆಯ, ವೈದ್ಯರನ್ನು ಈಗಲೇ ಕಾಣಬಹುದೇ ಎಂದೂ ಕೇಳಿದೆ. ಶ್ವಾಸಕೋಶದ ಕ್ಯಾನ್ಸರ್ ಹರಡಿದ್ದ ರೋಗಿಗಳ ಕುರಿತು ಅಮೆರಿಕದಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆ ಆರೈಕೆಯನ್ನು ಆರಂಭದಿಂದಲೇ ಪಡೆದವರ ಬದುಕಿನ ಗುಣಮಟ್ಟ ಉತ್ತಮವಾಗಿತ್ತು. ಅದನ್ನು ಕೊನೆಯ ಗಳಿಗೆಗೆಂದು ಮೀಸಲಿಡುವುದು ನನಗೆ ಒಪ್ಪಿಗೆಯಿಲ್ಲ.

ಮುಂಗಡ ವೈದ್ಯಕೀಯ ನಿರ್ದೇಶನದ, ಅಂದರೆ ಮುಂದೆ ನಾನು ಹೇಳಲಾಗದ ಸ್ಥಿತಿ ಬಂದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮೊದಲೇ ಬರೆದಿಡುವ ಪತ್ರದ, ವಿಷಯವನ್ನು ಎರಡನೆಯ ಭೇಟಿಗೆ ಬಿಟ್ಟೆ. ಸುಪ್ರೀಂ ಕೋರ್ಟ್ 2018ರಲ್ಲಿ ಇದಕ್ಕೆ ಮಾನ್ಯತೆ ನೀಡಿ, 2023ರಲ್ಲಿ ವಿಧಾನವನ್ನು ಸರಳಗೊಳಿಸಿದೆ. ಇಬ್ಬರು ಸಾಕ್ಷಿಗಳ ಸಹಿಯೊಂದಿಗೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣವಿದ್ದರೆ ಸಾಕು. ವೆಂಟಿಲೇಟರ್ ಬೇಡವೆಂದೂ, ನಾನು ಮಾತನಾಡಲಾಗದ ಸ್ಥಿತಿ ಬಂದರೆ ಪತ್ನಿ ಮತ್ತು ಮಗ ನನ್ನ ಪರವಾಗಿ ನಿರ್ಧರಿಸಬೇಕೆಂದೂ ಬರೆಸಿ, ಒಂದು ಪ್ರತಿಯನ್ನು ಆಸ್ಪತ್ರೆಯ ಕಡತಕ್ಕೆ ಸೇರಿಸಲು ಕೊಟ್ಟೆ.