60 ರೂಪಾಯಿಯಲ್ಲಿ ಹಾಸ್ಟೆಲ್ ನೆಗಡಿ ಓಡಿಸಿದ್ದು: ನನ್ನ ಅನುಭವ

ಮೊನ್ನೆ ರಾತ್ರಿ ರೂಮ್‌ಮೇಟ್ ಕಟ್ಟಿದ ಮೂಗಿನಲ್ಲೇ "ಮಗಾ, ಆ ಸಿರಿಂಜ್ ಎಲ್ಲಿ ತಗೊಂಡೆ?" ಅಂತ ಕೇಳಿದ. ಇದೇ ಮನುಷ್ಯ ಹೋದ ವರ್ಷ ನಾನು ವಾಶ್‌ಬೇಸಿನ್ ಮುಂದೆ ಕತ್ತು ಓರೆ ಮಾಡಿ, ಆ ಸಿರಿಂಜಿನಿಂದ ಮೂಗಿಗೆ ಉಪ್ಪುನೀರು ಬಿಡುತ್ತಾ ನಿಂತಿದ್ದನ್ನು ವಿಡಿಯೋ ಮಾಡಿ ಇಡೀ ಫ್ಲೋರಿಗೆ ತೋರಿಸಿದ್ದ. ಅವನು ಕೇಳಿದ ಮೇಲೆ ಇದನ್ನು ಬರೆಯಲೇಬೇಕು ಅನ್ನಿಸಿತು.

ನಾನು ಓದುತ್ತಿರುವುದು ಮೈಸೂರಿನಲ್ಲಿ. ಊರು ಸಾಗರದ ಹತ್ತಿರ. ಮಳೆಯಲ್ಲೇ ಬೆಳೆದವನಿಗೆ ನೆಗಡಿ ಏನು ಮಾಡುತ್ತೆ ಅನ್ನುವ ಜಂಬ ಇತ್ತು. ಹಾಸ್ಟೆಲ್ ಅದನ್ನು ಮೊದಲ ಸೆಮಿಸ್ಟರಿನಲ್ಲೇ ಇಳಿಸಿತು. ರೂಮಿಗೆ ಮೂವರು, ಕಿಟಕಿ ಒಂದೇ. ಒಬ್ಬ ಸೀನಿದರೆ ಮೂರು ದಿನದಲ್ಲಿ ಮೂವರೂ ಮಲಗಿರುತ್ತೇವೆ. ದಸರಾ ಮುಗಿದ ವಾರವಂತೂ ಕೇಳಬೇಡಿ. ಜಂಬೂಸವಾರಿಯ ನೂಕುನುಗ್ಗಲು, ವಸ್ತುಪ್ರದರ್ಶನದ ಧೂಳು ಎಲ್ಲ ಮುಗಿಸಿಕೊಂಡು ಬಂದವರು ಕ್ಲಾಸಿನಲ್ಲಿ ಸಾಲಾಗಿ ಮೂಗು ಒರೆಸಿಕೊಂಡು ಕೂತಿರುತ್ತಾರೆ.

ಮೊದಲು ನಾನು ಕಳೆದ ದುಡ್ಡಿನ ಕಥೆ. ಮೊದಲ ವರ್ಷ ಹೆದರಿ ಒಂದು ಕ್ಲಿನಿಕ್‌ಗೆ ಹೋದೆ. ಫೀಸು 300, ಮಾತ್ರೆ ಸಿರಪ್ ಎಲ್ಲ ಸೇರಿ ನಾನೂರೈವತ್ತೋ ಏನೋ, ಹೋಗಿಬರಲು ಆಟೋಗೆ ನೂರಿಪ್ಪತ್ತು. ಹತ್ತಿರ ಹತ್ತಿರ 900 ರೂಪಾಯಿ. ನನಗೆ ಅದು ಒಂದು ತಿಂಗಳ ಸಂಜೆ ತಿಂಡಿಯ ದುಡ್ಡು. ಅದರಲ್ಲಿ ಐದು ದಿನದ ಆಂಟಿಬಯಾಟಿಕ್ ಬೇರೆ. ನೆಗಡಿ ತರುವುದು ವೈರಸ್, ಆಂಟಿಬಯಾಟಿಕ್ ಅದಕ್ಕೆ ಏನೂ ಮಾಡಲ್ಲ ಅಂತ ಪಿಯುಸಿ ಬಯಾಲಜಿಯಲ್ಲಿ ಓದಿ ಪಾಸಾದವನೇ ನಾನು. ಆದರೂ ನುಂಗಿದೆ. ಹೊಟ್ಟೆ ಕೆಟ್ಟಿತು. ನೆಗಡಿ ತನ್ನ ಪಾಡಿಗೆ ಒಂಬತ್ತು ದಿನ ಇದ್ದು ಹೋಯಿತು.

ಎರಡನೇ ಸಲ ಬುದ್ಧಿವಂತನಾದೆ ಅಂದುಕೊಂಡು ಸೀದಾ ಮೆಡಿಕಲ್‌ಗೆ ಹೋಗಿ ಸಿಟ್ರಿಜಿನ್ ಅನ್ನುವ ಅಲರ್ಜಿ ಮಾತ್ರೆ ತಂದೆ. ಅಗ್ಗ, ನಿಜ. ಆದರೆ ಇಂಟರ್ನಲ್ಸ್ ಪರೀಕ್ಷೆಯ ದಿನ ಬೆಳಿಗ್ಗೆ ಒಂಬತ್ತಕ್ಕೆ ನುಂಗಿದ್ದು ನನ್ನ ತಪ್ಪು. ಎರಡನೇ ಪ್ರಶ್ನೆ ಬರೆಯುತ್ತಿರುವಾಗಲೇ ನಿದ್ದೆ ಹತ್ತಿ ಪೆನ್ನು ಕೆಳಗೆ ಎಳೆದ ಗೆರೆ ಇನ್ನೂ ಆ ಬ್ಲೂಬುಕ್‌ನಲ್ಲಿದೆ. 25ಕ್ಕೆ 7.

ಮೂರನೆಯದು ಮೂಗಿಗೆ ಹಾಕುವ ಡ್ರಾಪ್ಸ್. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಹಾಸ್ಟೆಲಿನಲ್ಲಿ ಅರ್ಧ ಜನ ಇದರಲ್ಲೇ ಸಿಕ್ಕಿಬಿದ್ದಿದ್ದಾರೆ. ಹಾಕಿದ ಎರಡೇ ನಿಮಿಷಕ್ಕೆ ಮೂಗು ತೆರೆಯುತ್ತೆ, ಸ್ವರ್ಗ. ನಾನು ಹತ್ತು ಹನ್ನೆರಡು ದಿನ ಹಾಕಿದೆ. ನೆಗಡಿ ಹೋಗಿದ್ದರೂ ಮೂಗು ಮಾತ್ರ ಬಿಡಲಿಲ್ಲ. ಡ್ರಾಪ್ಸ್ ಹಾಕಿದರೆ ತೆರೆಯುವುದು, ನಾಲ್ಕು ಗಂಟೆಗೆ ಮತ್ತೆ ಮುಚ್ಚುವುದು. ಮೂರ್ನಾಲ್ಕು ದಿನಕ್ಕಿಂತ ಹೆಚ್ಚು ಹಾಕಿದರೆ ಮೂಗಿನ ಒಳಗೆ ಊತ ತಿರುಗಿ ಬರುತ್ತೆ ಅಂತ ಆಮೇಲೆ ಗೊತ್ತಾಯಿತು. ಬಿಡಿಸಿಕೊಳ್ಳಲು ಇನ್ನೊಂದು ವಾರ ಬಾಯಲ್ಲೇ ಉಸಿರಾಡಿಕೊಂಡು ಮಲಗಿದೆ.

ಇಷ್ಟಾದ ಮೇಲೆ ಅಮ್ಮನಿಗೆ ಫೋನ್ ಮಾಡಿದೆ. ಅಮ್ಮ ಎಂದಿನಂತೆ "ಅರಿಶಿನದ ಕೊಂಬು ಸುಟ್ಟು ಹೊಗೆ ತಗೊ" ಅಂದರು. ತಗೊಂಡೆ. ರಾತ್ರಿ ಹನ್ನೊಂದಕ್ಕೆ ಮೇಣದಬತ್ತಿಯಲ್ಲಿ ಕೊಂಬಿನ ತುದಿ ಸುಟ್ಟು, ಕಿಡಿ ಆರಿಸಿ, ಹೊಗೆ ಎಳೆಯುತ್ತಿದ್ದೆ. ಬಾಗಿಲ ಸಂದಿಯಿಂದ ವಾಸನೆ ಹೋಯಿತು. ವಾರ್ಡನ್ ಬಂದರು. "ಸರ್, ಅರಿಶಿನ ಸರ್" ಅಂದೆ. ಅವರು ಕೊಂಬನ್ನು ಕೈಗೆ ತಗೊಂಡು ಮೂಸಿ ನೋಡಿದರು, ತಿರುಗಿಸಿ ನೋಡಿದರು, ನನ್ನ ಮುಖ ನೋಡಿದರು. ನಂಬಲಿಲ್ಲ. ಮಾರನೇ ದಿನ ಅಪ್ಪನಿಗೆ ಫೋನ್ ಹೋಯಿತು. ಅಪ್ಪ ನಕ್ಕು ನಕ್ಕು ಸುಸ್ತಾದರಂತೆ. ಹೊಗೆಯಿಂದ ಕೆಮ್ಮು ಮಾತ್ರ ಜಾಸ್ತಿಯಾಯಿತು. ಇನ್ನು ಆ ದಾರಿ ಬೇಡ.

ಈಗ ನಾನು ಮಾಡುವುದು. ಮೂರು ನೆಗಡಿಗಳಿಂದ ಇದನ್ನೇ ಮಾಡುತ್ತಿದ್ದೇನೆ. ನಾಲ್ಕು ದಿನಕ್ಕೆ ಓಡಾಡುವ ಹಾಗೆ ಆಗುತ್ತೆ, ಒಂದು ಸಲ ಐದಾಯಿತು. ಉಪ್ಪುನೀರು ವೈರಸ್ಸನ್ನು ಕೊಲ್ಲುತ್ತೆ ಅಂತ ನಾನು ಹೇಳುತ್ತಿಲ್ಲ. ಅದರಿಂದ ನಿದ್ದೆ ಬರುತ್ತೆ, ಊಟ ರುಚಿಸುತ್ತೆ, ಕ್ಲಾಸ್ ತಪ್ಪಲ್ಲ. ನನಗೆ ಅಷ್ಟು ಸಾಕು.

ಗಂಟಲು ಕೆರೆಯಲು ಶುರುವಾದ ಸಂಜೆಯೇ ಶುರು ಮಾಡಬೇಕು. ನಾಳೆ ನೋಡೋಣ ಅಂದರೆ ಕೆಟ್ಟಿರಿ. 20 ಎಂಎಲ್ ಸಿರಿಂಜ್, ಸೂಜಿ ಇಲ್ಲದ್ದು, ಮೆಡಿಕಲ್‌ನಲ್ಲಿ ಹದಿನೈದು ರೂಪಾಯಿ ಆಸುಪಾಸು. "ಅಣ್ಣಾ, ಸೂಜಿ ಬೇಡ" ಅಂದಾಗ ಅಂಗಡಿಯವರು ಒಂಥರಾ ನೋಡುತ್ತಾರೆ, ನೋಡಲಿ ಬಿಡಿ. ಒಬ್ಬರಿಗೆ ಒಂದು, ಹಂಚಿಕೊಳ್ಳುವ ವಸ್ತು ಅಲ್ಲ. ಅರ್ಧ ಲೀಟರ್ ನೀರಿಗೆ ಮುಕ್ಕಾಲು ಟೀ ಚಮಚ ಉಪ್ಪು. ನೀರು ಕುದಿಸಿ ಆರಿಸಿದ್ದೇ ಆಗಬೇಕು, ಉಗುರುಬೆಚ್ಚಗಿರಬೇಕು. ಟ್ಯಾಂಕಿನ ನೀರನ್ನು ನೇರವಾಗಿ ಮೂಗಿಗೆ ಬಿಡಲೇಬೇಡಿ. ಕೇರಳದಲ್ಲಿ ಮೆದುಳು ತಿನ್ನುವ ಅಮೀಬಾದಿಂದ ಜನ ಸತ್ತ ಸುದ್ದಿ ಓದಿರುತ್ತೀರಿ, ಅದು ಒಳಗೆ ಹೋಗುವುದು ಮೂಗಿನ ದಾರಿಯಲ್ಲೇ.

ಬೇಸಿನ್ ಮೇಲೆ ಬಗ್ಗಿ, ಕತ್ತು ಪಕ್ಕಕ್ಕೆ ತಿರುಗಿಸಿ, ಬಾಯಿ ತೆರೆದು ಬಾಯಲ್ಲೇ ಉಸಿರಾಡುತ್ತಾ ಮೇಲಿನ ಹೊಳ್ಳೆಗೆ ನಿಧಾನ ಒತ್ತಬೇಕು. ಕೆಳಗಿನ ಹೊಳ್ಳೆಯಿಂದ ನೀರು ಬರುತ್ತೆ, ಜೊತೆಗೆ ಏನೇನೋ ಬರುತ್ತೆ. ಮೂಗು ಪೂರ್ತಿ ಕಟ್ಟಿದ್ದರೆ ಜೋರಾಗಿ ಒತ್ತಬೇಡಿ, ಕಿವಿ ನೋಯುತ್ತೆ. ಮುಗಿದ ಮೇಲೆ ಒಂದು ನಿಮಿಷ ತಲೆ ತಗ್ಗಿಸಿಯೇ ಇರಿ. ನಾನು ಮೊದಲ ದಿನ ಇದನ್ನು ಬಿಟ್ಟೆ. ಮಧ್ಯಾಹ್ನ ಲ್ಯಾಬಿನಲ್ಲಿ ಬಿದ್ದ ಪೆನ್ನು ಎತ್ತಲು ಬಗ್ಗಿದಾಗ ಎಲ್ಲಿತ್ತೋ ಗೊತ್ತಿಲ್ಲ, ಅರ್ಧ ಚಮಚ ನೀರು ದಬಕ್ಕನೆ ಪಕ್ಕದವಳ ರೆಕಾರ್ಡ್ ಮೇಲೆ ಬಿತ್ತು. ಅವಳು ಇವತ್ತಿಗೂ ನನ್ನ ಪಕ್ಕ ಕೂರುವುದಿಲ್ಲ.

ಅಳತೆ ಸಿಗುವ ಮೊದಲು ಎಡವಟ್ಟು ಮಾಡಿಕೊಂಡೆ. ಮೊದಲು ಬರೀ ನೀರು ಬಿಟ್ಟೆ. ಕೆರೆಯಲ್ಲಿ ಮುಳುಗಿದಾಗ ನೆತ್ತಿಗೆ ಹತ್ತುತ್ತಲ್ಲ, ಅದೇ. ಆಮೇಲೆ ಹೆದರಿ ಎರಡು ಚಮಚ ಉಪ್ಪು ಹಾಕಿದೆ, ಅದೂ ಉರಿ. ಮುಕ್ಕಾಲು ಚಮಚಕ್ಕೆ ಬಂದಾಗ ಮೂಗಿಗೆ ನೀರು ಹೋದದ್ದೇ ಗೊತ್ತಾಗಲಿಲ್ಲ. ಬೆಳಿಗ್ಗೆ ಒಂದು ಸಲ, ಮಲಗುವ ಮುಂಚೆ ಒಂದು ಸಲ. ಅದೇ ನೀರಲ್ಲಿ ಗಂಟಲಿಗೂ ಗುಳುಗುಳು.

ರಾತ್ರಿ ಕಷಾಯ. ಅಮ್ಮ ಮಾಡಿದ ಪುಡಿ ಊರ ಕಡೆಯಿಂದ ಬರುವ ತಾಳಗುಪ್ಪ ರೈಲಿನಲ್ಲಿ ಯಾರದಾದರೂ ಕೈಯಲ್ಲಿ ಬರುತ್ತೆ. ಕೊತ್ತಂಬರಿ ಬೀಜ, ಜೀರಿಗೆ, ಕಾಳುಮೆಣಸು, ಒಣಶುಂಠಿ, ಇಷ್ಟು ಎಲ್ಲರಿಗೂ ಗೊತ್ತಿರುವುದೇ. ಅಳತೆ ಮತ್ತು ಐದನೆಯ ಸಾಮಾನು ಹೇಳಲ್ಲ, ಅಮ್ಮ ಬೈಯುತ್ತಾರೆ. ನಮ್ಮಲ್ಲಿ ಕೆಟಲ್ ಇಡುವ ಹಾಗಿಲ್ಲ. ರಾತ್ರಿ ಒಂಬತ್ತೂವರೆಗೆ ಮೆಸ್ ಬಾಗಿಲು ಹಾಕಿದ ಮೇಲೂ ಭಟ್ಟರು ನನ್ನ ಫ್ಲಾಸ್ಕಿಗೆ ಕುದಿಯುವ ನೀರು ತುಂಬಿಕೊಡುತ್ತಾರೆ. ಯಾಕೆ ಕೊಡುತ್ತಾರೆ ಅನ್ನುವುದನ್ನೂ ಹೇಳಲ್ಲ, ನಾಳೆ ನಲವತ್ತು ಫ್ಲಾಸ್ಕ್ ಸಾಲು ನಿಂತರೆ ನನ್ನದು ಹೋಯಿತು.

ಖರ್ಚು: ಸಿರಿಂಜ್ 15, ಶುಂಠಿ 10, ನಿಂಬೆಹಣ್ಣು ಎರಡು 10, ಬೆಲ್ಲ 15, ಜನೌಷಧಿ ಅಂಗಡಿಯ ಪ್ಯಾರಸಿಟಮಾಲ್ ಸ್ಟ್ರಿಪ್ ಹತ್ತೋ ಹನ್ನೆರಡೋ. ಮೈಕೈ ನೋವಿದ್ದರೆ ಮಾತ್ರ ಒಂದು ಮಾತ್ರೆ. ಉಪ್ಪು ಮೆಸ್ಸಿನದು. ಅಮ್ಮನ ಪುಡಿ ಲೆಕ್ಕಕ್ಕೆ ಹಿಡಿದಿಲ್ಲ, ಹಿಡಿದರೆ 60 ದಾಟುತ್ತೆ, ಕಾಳುಮೆಣಸಿನ ರೇಟು ನಿಮಗೇ ಗೊತ್ತಲ್ವಾ.

ಮಧ್ಯೆ ಮಧ್ಯೆ ಸುಮ್ನೆ ಕೆಲವು ಪ್ರಯೋಗ ಮಾಡಿದೆ. ವಾಟ್ಸಾಪ್ ನೋಡಿ ಪಾದಕ್ಕೆ ವಿಕ್ಸ್ ಹಚ್ಚಿ ಸಾಕ್ಸ್ ಹಾಕಿ ಮಲಗಿದೆ. ಸಾಕ್ಸ್ ಹಾಳಾಯಿತು. ಊಟಿಗೆ ಹೋದವರು ತಂದ ನೀಲಗಿರಿ ಎಣ್ಣೆ ದಿಂಬಿಗೆ ಎರಡು ಹನಿ ಹಾಕಿದರೆ ಹಿತ, ಹತ್ತು ಹನಿ ಹಾಕಿದರೆ ಕಣ್ಣೀರು. ಮೊಸರನ್ನ ಬಿಡಬೇಕು ಅಂತ ಎಲ್ಲರೂ ಹೇಳುತ್ತಾರೆ. ಒಂದು ನೆಗಡಿಗೆ ಬಿಟ್ಟೆ, ಮುಂದಿನದಕ್ಕೆ ದಿನಾ ತಿಂದೆ. ನನಗೆ ವ್ಯತ್ಯಾಸ ಕಾಣಲಿಲ್ಲ. ಅಜ್ಜಿಗೆ ಹೇಳಿಲ್ಲ. ಕೆಮ್ಮಿಗೆ ಮಲಗುವಾಗ ಒಂದು ಚಮಚ ಜೇನುತುಪ್ಪ ನಿಜಕ್ಕೂ ಕೆಲಸ ಮಾಡಿತು. ಹುರುಳಿ ಕಟ್ಟಿನ ಸಾರಿಗೆ ಮೆಸ್ಸಿನಲ್ಲಿ ಅರ್ಜಿ ಹಾಕಿದ್ದೇನೆ, ಉತ್ತರ ಬಂದಿಲ್ಲ.

ಮೂರು ದಿನ ದಾಟಿದ ಜ್ವರ, ಉಸಿರಾಟಕ್ಕೆ ಕಷ್ಟ, ಕಿವಿನೋವು ಇದ್ದರೆ ಈ ಸಿರಿಂಜ್ ಪಿರಿಂಜ್ ಬಿಟ್ಟು ಡಾಕ್ಟರ ಹತ್ತಿರ ಹೋಗಿ. ಅಲ್ಲಿ 900 ಹೋದರೂ ಪರವಾಗಿಲ್ಲ.

ರೂಮ್‌ಮೇಟ್ ನಿನ್ನೆ ಸಿರಿಂಜ್ ತಂದ. ಎಲ್ಲ ಬಿಡಿಸಿ ಹೇಳಿದ್ದೆ. ಬೇಸಿನ್ ಹತ್ತಿರ ಹೋದವನು ಉಪ್ಪು ಹಾಕುವುದನ್ನೇ ಮರೆತ. ಅವನು ಕಿರುಚಿದ್ದು ಮೂರನೇ ಫ್ಲೋರಿನವರೆಗೆ ಕೇಳಿತಂತೆ. ಈ ಸಲ ವಿಡಿಯೋ ನನ್ನ ಫೋನಿನಲ್ಲಿದೆ.